ಅಂಜಿಸಿ ಗಟ್ಟಿ ಮಾಡುವ ನಮ್ಮ ವಿದ್ಯೆ

ಸಣ್ಣ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಯದ ಸಿನಿಮಾ ನೋಡುವವರ ಬಳಿ ಒಂದು ಸಿದ್ಧ ಉತ್ತರವಿರುತ್ತದೆ. ‘ಏನಾಗಂಗಿಲ್ಲ ಬಿಡ್ರಿ, ನೋಡಿ ನೋಡಿ ಗಟ್ಟಿ ಆಗ್ತಾವ.’ ಗದಗ ತಾಲ್ಲೂಕಿನ ಹಿರೇಹಂದಿಗೋಳದ ಕಟ್ಟೆಯ ಮೇಲೆ ಈ ಮಾತು ಕನ್ನಡದಲ್ಲಿ ಕೇಳುತ್ತದೆ, ನಮ್ಮ ಮನೆಗಳ ಒಳಗೆ ದಖನಿಯಲ್ಲಿ: ‘ಮರ್ದ್ ಬಚ್ಚಾ ಹೈ, ಡರ್ನಾ ಕ್ಯಾ?’ ಹೆಣ್ಣುಮಕ್ಕಳು ಅಂಜಿದರೆ ನಗುತ್ತಾರೆ, ಗಂಡುಹುಡುಗರು ಅಂಜಿದರೆ ನಾಚಿಸುತ್ತಾರೆ. ಎರಡೂ ಕಡೆ ಫಲ ಒಂದೇ. ಮಗು ತನ್ನ ಅಂಜಿಕೆಯನ್ನು ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸುತ್ತದೆ. ಹೇಳುವುದು ನಿಂತಿತೆಂದರೆ ಅಂಜಿಕೆ ಹೋಯಿತೆಂದು ಹಿರಿಯರು ತಿಳಿಯುತ್ತಾರೆ. ಈ ತಿಳಿವಳಿಕೆ ಶುದ್ಧ ತಪ್ಪು, ಮತ್ತು ಇದಕ್ಕೆ ನಾವು ಧೈರ್ಯಶಿಕ್ಷಣ ಎಂಬ ದೊಡ್ಡ ಹೆಸರು ಕೊಟ್ಟುಕೊಂಡಿದ್ದೇವೆ.

ಉದಾಹರಣೆಗೆ ಡೈನೋಸಾರ್ ಸಿನಿಮಾಗಳನ್ನೇ ತೆಗೆದುಕೊಳ್ಳೋಣ. ದೆವ್ವದ ಸಿನಿಮಾಕ್ಕೆ ಮಕ್ಕಳನ್ನು ಕರೆದೊಯ್ಯಲು ಹಿಂದೆಮುಂದೆ ನೋಡುವ ತಂದೆ ಕೂಡ ಡೈನೋಸಾರ್ ಎಂದರೆ ‘ಪ್ರಾಣಿ ಸಿನಿಮಾ, ಜ್ಞಾನ ಬರ್ತದ’ ಎಂದು ಹೊರಡುತ್ತಾನೆ. ಸ್ಟೀವನ್ ಸ್ಪೀಲ್‌ಬರ್ಗ್‌ನ ‘ಜುರಾಸಿಕ್ ಪಾರ್ಕ್’ ಅಮೆರಿಕದಲ್ಲಿ ತೆರೆಕಂಡದ್ದು 1993ರಲ್ಲಿ. ಮರುವರ್ಷ ಅದು ಹಿಂದಿಯಲ್ಲಿ ನಮ್ಮಲ್ಲಿಗೆ ಬಂತು. ಹಿಂದಿಗೆ ಡಬ್ ಆಗಿ ದೇಶದ ತುಂಬ ಗೆದ್ದ ಮೊದಲ ಹಾಲಿವುಡ್ ಚಿತ್ರಗಳಲ್ಲಿ ಅದೂ ಒಂದು. ಪಟ್ಟಣದ ಟಾಕೀಸುಗಳು ಮುಗಿದ ಮೇಲೆ ಇಂಥ ಚಿತ್ರಗಳು ಕ್ಯಾಸೆಟ್ಟಾಗಿ ಹಳ್ಳಿಗಿಳಿಯುತ್ತಿದ್ದವು. ಗಣಪತಿ ಹಬ್ಬಕ್ಕೋ ಉರುಸಿಗೋ ಮದುವೆಯ ಹಿಂದಿನ ರಾತ್ರಿಗೋ ಬಾಡಿಗೆಗೆ ಟಿ.ವಿ., ವಿಸಿಆರ್ ತರಿಸಿ ಒಂದೇ ರಾತ್ರಿ ಮೂರು ಸಿನಿಮಾ ಹಾಕುವ ಕಾಲ ಅದು. ಮುಂದಿನ ಸಾಲಿನಲ್ಲಿ, ನೆಲದ ಮೇಲೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತವರು ಯಾರು? ಐದಾರು ವರ್ಷದ ಮಕ್ಕಳು.

ಆ ಚಿತ್ರ ಏನು ಮಾಡುತ್ತದೆಂಬುದನ್ನು ಕತೆ ಬರೆಯುವವನ ಕಣ್ಣಿನಿಂದ ನೋಡಿದರೆ ದಿಗಿಲಾಗುತ್ತದೆ. ಎರಡು ಗಂಟೆಗೂ ಮಿಕ್ಕಿದ ಸಿನಿಮಾದಲ್ಲಿ ಡೈನೋಸಾರ್ ಕಾಣಿಸಿಕೊಳ್ಳುವುದು ಸುಮಾರು ಹದಿನೈದು ನಿಮಿಷ ಮಾತ್ರ. ಉಳಿದದ್ದೆಲ್ಲ ಕಾಯುವಿಕೆ. ಲೋಟದ ನೀರಿನಲ್ಲಿ ಉಂಗುರ ಏಳುತ್ತದೆ, ದೊಡ್ಡದೇನೋ ಬರುತ್ತಿದೆ. (ಆ ಉಂಗುರ ಎಬ್ಬಿಸಿದ್ದು ಗಿಟಾರಿನ ತಂತಿ ಮೀಟಿ. ಆ ಮಹಾಗರ್ಜನೆಯ ಒಳಗಿರುವುದು ಒಂದು ಆನೆಮರಿಯ ಕೂಗು.) ಆಮೇಲೆ ಆ ಪ್ರಾಣಿ ಅಟ್ಟಿಸಿಕೊಂಡು ಹೋಗುವುದು ಯಾರನ್ನು? ಕಾರಿನೊಳಗೆ ಸಿಕ್ಕಿಬಿದ್ದ ಅಕ್ಕತಮ್ಮ ಇಬ್ಬರು ಮಕ್ಕಳನ್ನು. ಅಡುಗೆಮನೆಯಲ್ಲಿ ಕಪಾಟಿನ ಹಿಂದೆ ಉಸಿರು ಬಿಗಿಹಿಡಿದು ಅಡಗಿದವರೂ ಅವರೇ. ಕಾರಿನಲ್ಲಿ ಜೊತೆಗಿದ್ದ ದೊಡ್ಡ ಮನುಷ್ಯ ಇಬ್ಬರನ್ನೂ ಬಿಟ್ಟು ಓಡಿಹೋಗುತ್ತಾನೆ. ನೋಡುವ ಮಗುವಿಗೆ ಪ್ರಾಣಿಯ ಹಲ್ಲಿಗಿಂತ ಮೊದಲು ನಾಟುವುದು ಈ ಸಂಗತಿ: ದೊಡ್ಡವರು ಬಿಟ್ಟು ಓಡುತ್ತಾರೆ. ಸ್ಪೀಲ್‌ಬರ್ಗ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. 1984ರಲ್ಲಿ ಅವನದೇ ಇಂಡಿಯಾನಾ ಜೋನ್ಸ್ ಚಿತ್ರವನ್ನು ಕಂಡು ಪಾಲಕರು ಗಲಾಟೆ ಎಬ್ಬಿಸಿದ ಮೇಲೆಯೇ ಹದಿಮೂರರ ಒಳಗಿನವರಿಗೆ ಎಚ್ಚರಿಕೆ ಹೇಳುವ ಹೊಸ ದರ್ಜೆ ಅಮೆರಿಕದಲ್ಲಿ ಹುಟ್ಟಿದ್ದು. ಜುರಾಸಿಕ್ ಪಾರ್ಕಿಗೆ ಸಿಕ್ಕಿದ್ದೂ ಅದೇ ದರ್ಜೆ. ಆದರೂ ಅದೇ ಚಿತ್ರದ ಆಟಿಕೆಗಳನ್ನು ಅದಕ್ಕಿಂತ ಎಷ್ಟೋ ಚಿಕ್ಕ ಮಕ್ಕಳಿಗೆ ಮಾರಲಾಯಿತು. ಎಚ್ಚರಿಕೆ ಒಂದು ಕೈಯಲ್ಲಿ, ಬೊಂಬೆ ಇನ್ನೊಂದು ಕೈಯಲ್ಲಿ.

‘ಆ ವಯಸ್ಸಿನ ಅಂಜಿಕೆ ಎಷ್ಟು ದಿನ ಇದ್ದೀತು, ನಾಲ್ಕು ದಿನ’ ಎನ್ನುವವರು ಕ್ರಿಸ್ಟನ್ ಹ್ಯಾರಿಸನ್ ಮತ್ತು ಜೊವಾನ್ ಕ್ಯಾಂಟರ್ 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಅವರು ಮಾತನಾಡಿಸಿದ್ದು ಮಕ್ಕಳನ್ನಲ್ಲ, ಕಾಲೇಜು ವಿದ್ಯಾರ್ಥಿಗಳನ್ನು. ಚಿಕ್ಕಂದಿನಲ್ಲೋ ಹರೆಯದಲ್ಲೋ ಸಿನಿಮಾ ಅಥವಾ ಟಿ.ವಿ. ನೋಡಿ ಬಹುಕಾಲ ಅಂಜಿದ್ದೆವು ಎಂದವರು ನೂರಕ್ಕೆ ತೊಂಬತ್ತು. ಅದರ ಕಳವಳ ಇನ್ನೂ ಇದೆ ಎಂದವರು ನೂರಕ್ಕೆ ಇಪ್ಪತ್ತಾರು. ಕ್ಯಾಂಟರ್ ಸಂಗ್ರಹಿಸಿದ ನೆನಪುಗಳಲ್ಲಿ 1975ರ ‘ಜಾಸ್’ ಎಂಬ ಶಾರ್ಕಿನ ಚಿತ್ರ ನೋಡಿದವರು ಸಮುದ್ರವನ್ನಷ್ಟೇ ಅಲ್ಲ, ಕೆರೆ ಮತ್ತು ಈಜುಕೊಳವನ್ನೂ ಬಿಟ್ಟಿದ್ದಾರೆ. ಈಜುಕೊಳದಲ್ಲಿ ಶಾರ್ಕ್ ಇರುವುದಿಲ್ಲವೆಂದು ಅವರಿಗೆ ಗೊತ್ತಿದೆ. ಗೊತ್ತಿರುವುದರಿಂದ ಅಂಜಿಕೆ ಹೋಗುವುದಿಲ್ಲ, ಅಷ್ಟೇ. ಹಾಗೆಂದು ಎಲ್ಲ ಅಂಜಿಕೆಯೂ ಕೆಟ್ಟದ್ದಲ್ಲ. ಮುಂಡರಗಿ ಕಡೆಯ ಹುಡುಗ ತುಂಗಭದ್ರೆಯ ಮೊಸಳೆಗೆ ಅಂಜಿದರೆ ಅದು ಬದುಕಿಸುವ ಅಂಜಿಕೆ. ಹಿರೇಹಂದಿಗೋಳದ ಹುಡುಗ ರಾತ್ರಿ ಮೂತ್ರಕ್ಕೆ ಹೊರಗೆ ಹೋಗಲಾರದೆ ಹಾಸಿಗೆ ಒದ್ದೆ ಮಾಡಿ, ಬೆಳಿಗ್ಗೆ ಪೆಟ್ಟು ತಿಂದರೆ ಅದು ಯಾವ ಕೆಲಸಕ್ಕೂ ಬಾರದ ಅಂಜಿಕೆ.

ಕ್ಯಾಂಟರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ‘ಇನ್‌ಕ್ರೆಡಿಬಲ್ ಹಲ್ಕ್’ ಎಂಬ ಟಿ.ವಿ. ಧಾರಾವಾಹಿಯಲ್ಲಿ ಸಭ್ಯ ಮನುಷ್ಯನೊಬ್ಬ ಹಸಿರು ಬಣ್ಣದ ದೈತ್ಯನಾಗಿ ಬದಲಾಗುತ್ತಾನೆ. ಆ ದೈತ್ಯ ಕಾಪಾಡುವವನು, ಕೊಲ್ಲುವವನಲ್ಲ. ದೊಡ್ಡ ಮಕ್ಕಳಿಗೆ ಇದು ತಿಳಿಯುತ್ತದೆ. ಶಾಲೆಗೆ ಇನ್ನೂ ಸೇರದ ಮಕ್ಕಳು ಮಾತ್ರ ಆ ರೂಪಾಂತರ ಕಂಡರೆ ಸಾಕು, ನಡುಗುತ್ತವೆ. ಅವುಗಳಿಗೆ ಕಣ್ಣಿಗೆ ಕಂಡದ್ದೇ ನಿಜ. ಆದ್ದರಿಂದ ‘ಅದು ಕಂಪ್ಯೂಟರ್‌ನಾಗ ಮಾಡಿದ್ದು, ಸುಳ್ಳದು’ ಎಂಬ ವಿವರಣೆ ಎಂಟು ಹತ್ತು ವರ್ಷದವರಿಗೆ ಉಪಯೋಗಕ್ಕೆ ಬಂದಷ್ಟು ನಾಲ್ಕು ವರ್ಷದವರಿಗೆ ಬರುವುದಿಲ್ಲ. ಸಣ್ಣವರಿಗೆ ಬೇಕಾದದ್ದು ತಬ್ಬಿಕೊಳ್ಳುವುದು, ಒಂದು ಗುಟುಕು ನೀರು, ಬಳಿಯಲ್ಲಿ ಮಲಗುವ ಮೈ.

ಇದನ್ನು ಓದಿದಾಗ ನಮ್ಮ ಅಜ್ಜಿಯರು ನೆನಪಾಗದೆ ಇರುವುದಿಲ್ಲ. ಮಗು ಬೆದರಿದೆ ಎಂದು ಗೊತ್ತಾದರೆ ಅವರು ತರ್ಕ ಹೇಳುತ್ತಿರಲಿಲ್ಲ. ಮಡಿಲಿಗೆ ಎಳೆದುಕೊಂಡು ಉಪ್ಪುಮೆಣಸಿನಕಾಯಿ ನಿವಾಳಿಸುತ್ತಿದ್ದರು, ಊದಿದ ನೀರು ಕುಡಿಸುತ್ತಿದ್ದರು. ಹಿಂದೂ ಮುಸ್ಲಿಮರೆನ್ನದೆ ಲಕ್ಷ್ಮೇಶ್ವರದ ದೂದಪೀರರ ದರ್ಗಾಕ್ಕೆ ಕರೆದೊಯ್ದು ನೆರಳಲ್ಲಿ ಕೂರಿಸಿ ತರುವವರೂ ಇದ್ದರು. ನಾವು ಓದಿದವರು ಇದನ್ನು ಮೌಢ್ಯವೆಂದು ಜರೆದೆವು. ತಾಯತ ಮಾರಿ ದುಡ್ಡು ಮಾಡುವವರನ್ನು ಜರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಜ್ಜಿಯ ಕೈ, ಆ ನೀರು, ‘ನನ್ನ ಕೂಸು ಅಂಜೇತಿ’ ಎಂದು ನಾಲ್ಕು ಜನರ ಎದುರು ಒಪ್ಪಿಕೊಳ್ಳುವ ಆ ಧೈರ್ಯ, ಇವನ್ನೂ ತಾಯತದ ಜೊತೆಗೇ ಬಿಸಾಡಿದ್ದು ಯಾವ ವಿಚಾರವಾದ? ಅಜ್ಜಿ ಅಂಜಿಕೆಯನ್ನು ನಂಬುತ್ತಿದ್ದಳು. ಪದವೀಧರ ಅಪ್ಪ ನಂಬುವುದಿಲ್ಲ, ನಗುತ್ತಾನೆ. ಈಗೀಗ ಆ ಮಗು ಕಿರುಚುವುದನ್ನು ಮೊಬೈಲಿನಲ್ಲಿ ಹಿಡಿದು ಬಂಧುಗಳಿಗೆ ಕಳಿಸುತ್ತಾನೆ ಕೂಡ.

ನಮ್ಮ ಜಾನಪದದಲ್ಲಿ ಭಯವಿರಲಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿತ್ತು. ದೊಡ್ಡಾಟದ ರಕ್ಕಸ ಕಿರೀಟ ಕುಣಿಸುತ್ತ ಅಬ್ಬರಿಸಿ ಬಂದಾಗ ಮಕ್ಕಳು ತಾಯಿಯ ಸೆರಗಿನೊಳಗೆ ಹೊಗುತ್ತಿದ್ದವು. ಆದರೆ ಸಂಜೆ ಅದೇ ರಕ್ಕಸ ಲುಂಗಿಯುಟ್ಟು ಬೀಡಿ ಸೇದುತ್ತ ಮುಖಕ್ಕೆ ಬಣ್ಣ ಬಳಿಸಿಕೊಂಡದ್ದನ್ನೂ ಅವೇ ಮಕ್ಕಳು ಸುತ್ತುಗಟ್ಟಿ ನೋಡಿರುತ್ತಿದ್ದವು. ಅವನು ಊರಿನ ಬಡಿಗನೋ ದರ್ಜಿಯೋ ಆಗಿರುತ್ತಿದ್ದ. ಮೊಹರಮ್ಮಿನ ಹುಲಿವೇಷವೂ ಹಾಗೆಯೇ. ಹಲಗೆಯ ಬಡಿತಕ್ಕೆ ಹುಲಿ ಎಗರಿ ಬಂದಾಗ ಮಗು ಚೀರುತ್ತದೆ. ಮರುಗಳಿಗೆ ಆ ಹುಲಿ ಮಗುವನ್ನು ಎತ್ತಿಕೊಳ್ಳುತ್ತದೆ, ಬಣ್ಣ ಮಗುವಿನ ಕೆನ್ನೆಗೂ ಹತ್ತುತ್ತದೆ. ಮರುವರ್ಷ ಅದೇ ಹುಡುಗ ತಾನೇ ಮರಿಹುಲಿಯಾಗುವ ಹಟ ಹಿಡಿಯುತ್ತಾನೆ. ಇಲ್ಲಿ ಭಯಕ್ಕೆ ಒಂದು ಮೈಯಿತ್ತು, ಮುಟ್ಟಬಹುದಿತ್ತು, ಅದು ಎಲ್ಲರ ನಡುವೆ ಹಗಲು ದಾರಿಯಲ್ಲಿ ನಡೆಯುತ್ತಿತ್ತು. ಪರದೆಯ ಪ್ರಾಣಿ ಕೆಳಗಿಳಿದು ಬಂದು ಬಣ್ಣ ತೊಳೆದುಕೊಳ್ಳುವುದಿಲ್ಲ. 2020ರಲ್ಲಿ ಶಾಲೆ ಮುಚ್ಚಿ ಪಾಠಕ್ಕೆಂದು ಕೈಗೆ ಬಂದ ಫೋನು ಆಮೇಲೆ ಕೈಬಿಡಲಿಲ್ಲ. ಈಗ ಅದೇ ಡೈನೋಸಾರ್ ಚಾದರದೊಳಗೆ, ಒಂಟಿ ಮಗುವಿನ ಎದೆಯ ಮೇಲೆ ಕೂತು ಗರ್ಜಿಸುತ್ತದೆ. ಚಿತ್ರ ಪೂರ್ತಿಯಾಗಿಯೂ ಇರುವುದಿಲ್ಲ. ಕಚ್ಚುವ ಮೂವತ್ತು ಸೆಕೆಂಡು ಮಾತ್ರ, ಮತ್ತೆ ಮತ್ತೆ.

ಇನ್ನು ಭಾಷೆಯ ವಿಚಾರ. ಇದನ್ನು ಹೇಳಿದರೆ ಕೆಲವು ಗೆಳೆಯರು ಮುನಿಯುತ್ತಾರೆ, ಮುನಿಯಲಿ. ಜುರಾಸಿಕ್ ಪಾರ್ಕಿನಲ್ಲಿ ಅಂಜಿಕೆಯ ಜೊತೆಗೆ ಸ್ವಲ್ಪ ವಿಜ್ಞಾನವೂ ಇದೆ: ಮರದ ಅಂಟಿನಲ್ಲಿ ಸಿಕ್ಕಿದ ಸೊಳ್ಳೆ, ಅದರ ಹೊಟ್ಟೆಯ ರಕ್ತ, ಪ್ರಕೃತಿಯ ಜೊತೆ ಆಟವಾಡುವ ಸಾಹುಕಾರನ ದುರಹಂಕಾರ. ಉರ್ದು ಶಾಲೆಯ ಮಕ್ಕಳು ಹಿಂದಿ ಮಾತುಗಳಲ್ಲಿ ಇದನ್ನು ಅಷ್ಟಿಷ್ಟು ಹಿಡಿದುಕೊಂಡರು. ಪಕ್ಕದಲ್ಲಿ ಕುಳಿತ ಕನ್ನಡ ಶಾಲೆಯ ಮಕ್ಕಳಿಗೆ ಸಿಕ್ಕಿದ್ದು ಗರ್ಜನೆ ಮಾತ್ರ. 1960ರ ದಶಕದಲ್ಲಿ ಕನ್ನಡ ಚಿತ್ರರಂಗವನ್ನು ಉಳಿಸಲೆಂದು ಹುಟ್ಟಿದ ಡಬ್ಬಿಂಗ್ ವಿರೋಧಕ್ಕೆ ಆಗ ಕಾರಣಗಳಿದ್ದವು. ಆದರೆ ಕಾನೂನಿನ ಬಲವಿಲ್ಲದ ಆ ನಿಷೇಧ 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪು ಕೊಡುವ ತನಕ ಬಿಗಿಯಾಗಿ ನಿಂತು, ಎರಡು ತಲೆಮಾರಿನ ಕನ್ನಡದ ಮಕ್ಕಳಿಗೆ ಜಗತ್ತಿನ ಪ್ರಾಣಿಗಳನ್ನು ಮೂಕವಾಗಿ ತೋರಿಸಿತು. ಮಾತು ತಿಳಿಯದ ಭಯಕ್ಕೆ ಕಾರಣವಿಲ್ಲ, ಕೊನೆಯೂ ಇಲ್ಲ. ಮಕ್ಕಳ ಚಿತ್ರ ಯಾವ ಭಾಷೆಯಲ್ಲಿರಬೇಕೆಂದು ನಿರ್ಧರಿಸಿದ ಚರ್ಚೆಗಳಲ್ಲಿ ನಾಯಕರಿದ್ದರು, ನಿರ್ಮಾಪಕರಿದ್ದರು. ಮಕ್ಕಳ ಪರವಾಗಿ ಮಾತನಾಡಿದವರು ಬಹಳ ಕಡಿಮೆ.

ಸಿನಿಮಾವನ್ನೇ ನಿಲ್ಲಿಸಿ ಎನ್ನುವ ಇನ್ನೊಂದು ಗುಂಪಿದೆ. ಎಲ್ಲ ಧರ್ಮಗಳಲ್ಲೂ ಇದೆ, ನಮ್ಮಲ್ಲಿಯೂ ಇದೆ. ಇವರ ಜೊತೆಗೂ ನನ್ನ ತಕರಾರಿದೆ. ಸಿನಿಮಾ ಮಕ್ಕಳ ಮನಸ್ಸು ಕೆಡಿಸುತ್ತದೆ ಎಂದು ಗುಡುಗುವ ಬಾಯಿಯೇ ಗೋರಿಯೊಳಗಿನ ಹಾವುಚೇಳುಗಳನ್ನು ಲೌಡ್‌ಸ್ಪೀಕರಿನಲ್ಲಿ ವರ್ಣಿಸುವುದನ್ನು ಆರು ವರ್ಷದ ಮಕ್ಕಳು ನಿದ್ದೆಗಣ್ಣಲ್ಲಿ ಕೇಳುತ್ತವೆ. ಎಣ್ಣೆಯ ಕೊಪ್ಪರಿಗೆಯಲ್ಲಿ ಪಾಪಿಗಳನ್ನು ಕರಿಯುವ ಯಮಲೋಕದ ಪಟಗಳು ಜಾತ್ರೆಯಲ್ಲಿ ಮಾರಾಟವಾಗಿ ಗೋಡೆಯ ಮೇಲೆ ತೂಗುತ್ತವೆ. 2012ರ ಡಿಸೆಂಬರ್ 21ಕ್ಕೆ ಜಗತ್ತು ಮುಗಿಯುತ್ತದೆಂದು ಸುದ್ದಿವಾಹಿನಿಗಳಲ್ಲಿ ಜ್ಯೋತಿಷಿಗಳು ದಿನಗಟ್ಟಲೆ ಕೂಗಿದ್ದನ್ನು ಯಾವ ಸೆನ್ಸಾರ್ ತಡೆಯಿತು? ಆರು ವರ್ಷದ ಮಗುವಿಗೆ ಇವೆಲ್ಲವೂ ಒಂದೇ ಪರದೆಯ ಚಿತ್ರಗಳು. ದೇವರನ್ನು ಪ್ರೀತಿಸಬೇಕಾದ ವಯಸ್ಸಿನಲ್ಲಿ ಮಗು ದೇವರಿಗೆ ಹೆದರಿ ಚಾದರ ಎಳೆದುಕೊಳ್ಳುವಂತೆ ಮಾಡಿದವರಿಗೆ ಸ್ಪೀಲ್‌ಬರ್ಗ್‌ನನ್ನು ಬೈಯುವ ಹಕ್ಕು ಎಲ್ಲಿಂದ ಬಂತು?

ಸರಕಾರ ಮಾಡಿದ್ದೇನು? 1983ರಿಂದ ‘ಯುಎ’ ಎಂಬ ಒಂದೇ ದರ್ಜೆ ಇತ್ತು. 2023ರ ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ ಅದು ಏಳು, ಹದಿಮೂರು, ಹದಿನಾರು ಎಂದು ಮೂರಾಗಿದೆ. ಒಳ್ಳೆಯದೇ. ಆದರೆ ‘ಯುಎ’ ಎಂಬುದು ಪಾಲಕರಿಗೆ ಹೇಳುವ ಕಿವಿಮಾತು, ಬಾಗಿಲಲ್ಲಿ ತಡೆಯುವ ನಿಯಮವಲ್ಲ. ಹದಿಮೂರರ ಚಿತ್ರಕ್ಕೆ ಮೂರು ವರ್ಷದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದವರನ್ನು ಯಾರೂ ಕೇಳುವುದಿಲ್ಲ. ಟಿಕೆಟ್ಟಿನ ಮೇಲಿನ ಆ ಅಕ್ಷರವನ್ನು ಓದಬೇಕಾದವರು ನಾವೇ, ಮತ್ತು ನಾವು ಓದುವುದಿಲ್ಲ. ಮಗು ಅತ್ತರೆ ಎದ್ದು ಹೊರಗೆ ಬರುವುದಿಲ್ಲ, ದುಡ್ಡು ಕೊಟ್ಟಿದ್ದೇವೆ ಎಂದು ಅದರ ಕಣ್ಣು ಮುಚ್ಚುತ್ತೇವೆ. ಕಿವಿ ತೆರೆದೇ ಇರುತ್ತದೆ. ಆನೆಮರಿಯ ಆ ಕೂಗು ಕೆಲಸ ಮಾಡುವುದು ಕಿವಿಯ ಮೂಲಕ.

ಹಾಗಾದರೆ ಡೈನೋಸಾರನ್ನು ಮಕ್ಕಳಿಂದ ಅಡಗಿಸಿಡಬೇಕೇ? ಅದಕ್ಕಿಂತ ದೊಡ್ಡ ಅನ್ಯಾಯ ಬೇರಿಲ್ಲ. ಸಿನಿಮಾದ ವೆಲಾಸಿರಾಪ್ಟರ್ ಆಳೆತ್ತರ ಇದೆ. ನಿಜವಾದದ್ದು ಒಂದು ಟರ್ಕಿ ಕೋಳಿಯಷ್ಟಿತ್ತು, ಅದಕ್ಕೆ ಗರಿಗಳಿದ್ದವೆಂಬುದಕ್ಕೆ 2007ರಲ್ಲಿ ಮೂಳೆಯಲ್ಲೇ ಗುರುತು ಸಿಕ್ಕಿದೆ. ಹಿತ್ತಿಲಲ್ಲಿ ಕೆದರುವ ನಮ್ಮ ಕೋಳಿ ಅದೇ ಬಳಗದ್ದು ಎಂದು ಹೇಳಿ, ಮಗುವಿನ ಮುಖ ನೋಡಿ. ಕತ್ತಿನ ಸುತ್ತ ಕೊಡೆ ಬಿಚ್ಚಿ ವಿಷ ಉಗುಳುವ ಪ್ರಾಣಿ ಚಿತ್ರದವರ ಕಲ್ಪನೆ. ಡೈನೋಸಾರ್ ಅಮೆರಿಕದವರ ಸ್ವತ್ತೂ ಅಲ್ಲ. ಜಬಲ್ಪುರದಲ್ಲಿ 1828ರಷ್ಟು ಹಿಂದೆಯೇ ಅದರ ಮೂಳೆ ಸಿಕ್ಕಿತ್ತು. ನರ್ಮದೆಯ ಕಣಿವೆಯ ರಾಜಾಸಾರಸ್‌ಗೆ 2003ರಲ್ಲಿ ಹೆಸರಿಟ್ಟರು. ಗುಜರಾತಿನ ಬಾಲಾಸಿನೋರ್ ಹತ್ತಿರದ ರಯ್ಯೋಲಿಯಲ್ಲಿ ಮೊಟ್ಟೆಗಳೇ ಇವೆ. ಗೋದಾವರಿ ಕಣಿವೆಯಲ್ಲಿ ಸಿಕ್ಕ ಒಂದಕ್ಕೆ ‘ದೊಡ್ಡ ಕಾಲಿನದು’ ಎಂಬರ್ಥದ ಬಾರಾಪಾಸಾರಸ್ ಎಂಬ ಹೆಸರನ್ನಿಟ್ಟು ಕವಿ ಟಾಗೋರರ ಹೆಸರನ್ನೂ ಸೇರಿಸಿದ್ದಾರೆ. ನಮ್ಮ ಕಪ್ಪತಗುಡ್ಡದಲ್ಲಿ ಡೈನೋಸಾರ್ ಸಿಗುವುದಿಲ್ಲ. ಆ ಕಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಡೈನೋಸಾರ್‌ಗಳು ಬಂದದ್ದು ಇಪ್ಪತ್ತಮೂರು ಕೋಟಿ ವರ್ಷಗಳ ಹಿಂದೆ, ಅಂದರೆ ಕಪ್ಪತಗುಡ್ಡದ ಲೆಕ್ಕದಲ್ಲಿ ಮೊನ್ನೆ. ಇದನ್ನು ಕೇಳಿದ ಹುಡುಗ ಗುಡ್ಡವನ್ನು ಬೇರೆ ಕಣ್ಣಿಂದ ನೋಡುತ್ತಾನೆ.

ಅಂಜಿಸಿ ಬೆಳೆಸಿದ ಹುಡುಗರ ಕೈಯಲ್ಲಿ ಕಲ್ಲಿರುತ್ತದೆ. ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತಕ್ಕೆ ಅವರು ಗುರಿಯಿಡುವುದನ್ನು ಯಾವ ಹಳ್ಳಿಯಲ್ಲಾದರೂ ನೋಡಬಹುದು. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ‘ಕರ್ವಾಲೋ’ ಬರೆದು ಹಾರುವ ಓತಿಯೊಂದರ ಹಿಂದೆ ಇಡೀ ಕನ್ನಡವನ್ನೇ ಕಾಡಿಗೆ ಕರೆದುಕೊಂಡು ಹೋದರು. ಅದೇ ಜಾತಿಯ ಜೀವ, ಅದೇ ಭಾಷೆ. ಅಂಥ ಪುಸ್ತಕ ಓದಿದವನ ಕೈ ಕಲ್ಲಿಗೆ ಹೋಗುವ ಮುನ್ನ ತಡೆಯುತ್ತದೆ. ಹಳ್ಳಿಯ ಮಕ್ಕಳನ್ನು ಪುಸ್ತಕದ ಕಡೆ ತರಲು ಪಂಚಾಯತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಶುರುವಾಯಿತು. ಹೆಸರು ನೋಂದಾಯಿಸಿದ್ದಾಯಿತು. ಆ ಕಪಾಟುಗಳಲ್ಲಿ ಡೈನೋಸಾರ್ ಬಗ್ಗೆ ಬಣ್ಣದ ಚಿತ್ರಗಳಿರುವ ಒಂದು ಕನ್ನಡ ಪುಸ್ತಕ, ಒಂದು ಉರ್ದು ಪುಸ್ತಕ ಇದೆಯೇ ಎಂದು ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ ಕೇಳಿ. ಇಲ್ಲವೆಂದರೆ ಪಂಚಾಯತಿಯ ಮುಂದಿನ ಸಭೆಗೆ ಅರ್ಜಿ ಕೊಡಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.