ಬ್ಯಾಟರಿ ಯಾರ ಹೊಣೆ?

ನಮ್ಮ ಮಧುಗಿರಿಯಲ್ಲಿ ಮುಂಗಾರಿಗೆ ಮುಂಚಿನ ಮಳೆ ಬರುವ ಬಗೆಯೇ ಬೇರೆ. ಮಧ್ಯಾಹ್ನವೆಲ್ಲ ಏಕಶಿಲೆಯ ಬೆಟ್ಟ ಕಾದ ಹಂಚಿನಂತಿರುತ್ತದೆ. ಸಂಜೆ ಐದರ ಹೊತ್ತಿಗೆ ಅದರ ಬೆನ್ನ ಹಿಂದಿನಿಂದ ಮೋಡ ಏಳುತ್ತದೆ. ಮೊದಲು ಗಾಳಿ, ಆಮೇಲೆ ಧೂಳು, ಆಮೇಲೆ ನಾಲ್ಕು ದಪ್ಪ ಹನಿ. ಐದನೆಯ ಹನಿ ಬೀಳುವ ಮೊದಲೇ ದೀಪ ಹೋಗಿರುತ್ತದೆ. ಹಿಂದೆ ಹೀಗಾದಾಗ ಮನೆಯೊಳಗಿಂದ "ದೀಪ ಹೋಯ್ತು, ಲಾಟೀನು ತನ್ನಿ" ಎಂಬ ಕೂಗು ಕೇಳಿಬರುತ್ತಿತ್ತು. ಈಗ ಕೇಳಿಬರುವುದು "ನೆಟ್ ಹೋಯ್ತು" ಎಂಬ ಕೂಗು. ಕತ್ತಲೆಯಾದುದನ್ನು ಯಾರೂ ದೊಡ್ಡದಾಗಿ ಎಣಿಸುವುದಿಲ್ಲ. ಕೈಯಲ್ಲಿರುವ ಫೋನಿಗೇ ದೀಪವುಂಟು. ಗೋಡೆಯ ಮೇಲೆ ಹಸುರು ಕಣ್ಣು ಮಿಟುಕಿಸುತ್ತಿದ್ದ ಅಂಗೈಯಗಲದ ಪೆಟ್ಟಿಗೆ ಕಣ್ಣು ಮುಚ್ಚಿತಲ್ಲ, ಅದು ಸಂಕಟ.

ಇಂಥ ಪೆಟ್ಟಿಗೆಯ ವಿಷಯವನ್ನು ಭಾನುವಾರದ ಸಾಹಿತ್ಯದ ಪುಟಕ್ಕೆ ತರುವುದು ಉಚಿತವೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ನನ್ನ ಸಮಾಧಾನವಿಷ್ಟೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಾಲೆಯ ಲೆಕ್ಕಕ್ಕೆ ಒಂದು ಬೇರೆ ಜಿಲ್ಲೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದೇ ಅದರ ಹೆಸರು. ಈ ಜಿಲ್ಲೆಯಲ್ಲಿ ಇಂದು ವಿದ್ಯೆಗೆ ಸಂಬಂಧಪಟ್ಟ ಯಾವ ಕೆಲಸವೂ ಆ ಪೆಟ್ಟಿಗೆಯನ್ನು ದಾಟದೆ ನಡೆಯುವುದಿಲ್ಲ. ಮಕ್ಕಳ ದಾಖಲಾತಿ ಸ್ಯಾಟ್ಸ್ ಎಂಬ ಗಣಕದ ಕಡತಕ್ಕೆ ಏರಬೇಕು. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಪ್ರವೇಶಪತ್ರ, ಫಲಿತಾಂಶ ಎಲ್ಲಕ್ಕೂ ಅದೇ ದಾರಿ. 2024ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳ ಮೇಲಿನ ನಿಗಾ ಕೂಡ ಕ್ಯಾಮೆರಾದ ಮೂಲಕ ಅಂತರ್ಜಾಲವನ್ನೇ ಹಿಡಿದು ಮೇಲಿನ ಕಚೇರಿಗಳಿಗೆ ಹೋಗುತ್ತಿದೆ. ಆದಕಾರಣ ಈ ಪೆಟ್ಟಿಗೆಯ ಜೀವಮರಣದ ಪ್ರಶ್ನೆ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಸೇರಿದ ಪ್ರಶ್ನೆಯೆಂದು ನಾನು ತಿಳಿದಿದ್ದೇನೆ.

ಒಂದು ಸಂಜೆಯ ಸಂಗತಿ ಹೇಳುತ್ತೇನೆ. ನಮ್ಮ ಬೀದಿಯ ಕೊನೆಯ ಮನೆಯವರು ಹೊಲಿಗೆಯ ಕೆಲಸ ಮಾಡಿ ಬದುಕುವವರು. ಅವರ ಹಿರಿಯ ಮಗಳು ಸಿ.ಇ.ಟಿ.ಯಲ್ಲಿ ಒಳ್ಳೆಯ ಸ್ಥಾನ ಪಡೆದಿದ್ದಳು. ತನಗೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ತುಂಬಿ ಕಳಿಸಲು ಆ ದಿನವೇ ಕೊನೆ. ತಂದೆ ಕೆಲಸ ಮುಗಿಸಿ ಬಂದ ಮೇಲೆ ಅವರೊಡನೆ ಕುಳಿತು ಯೋಚಿಸಿ ತುಂಬೋಣವೆಂದು ಹುಡುಗಿ ಕಾದಿದ್ದಳು. ಅದು ತಪ್ಪೆಂದು ನಾನು ಹೇಳಲಾರೆ. ಏಳು ಗಂಟೆಗೆ ಗಾಳಿಮಳೆ ಬಂದು ದೀಪ ಹೋಯಿತು. ಫೋನಿನಲ್ಲಿ ಪ್ರಯತ್ನಿಸಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತೇ ಹೊರತು ಪುಟ ತೆರೆಯಲೊಲ್ಲದು. ಊರಿನ ಪೆಟ್ಟಿಗೆಗಳೆಲ್ಲ ಒಮ್ಮೆಗೇ ಸತ್ತಾಗ ಎಲ್ಲರೂ ಅದೇ ಫೋನಿನ ಗೋಪುರವನ್ನು ಜೋತುಬೀಳುತ್ತಾರೆ. ಗೋಪುರಕ್ಕಾದರೂ ಇರುವುದು ಬ್ಯಾಟರಿಯೇ, ಅದು ಇಳಿದರೆ ಡೀಸೆಲ್ ಯಂತ್ರ ಬೇಕು. ಎಂಟೂವರೆಗೆ ತಂದೆ ಮಗಳಿಬ್ಬರೂ ನೆನೆದುಕೊಂಡು ನಮ್ಮ ಬಾಗಿಲಿಗೆ ಬಂದರು. "ಸಾರ್, ನಿಮ್ಮನೇಲಿ ನೆಟ್ ಇದೆಯಾ?" ಎಂದಳು ಹುಡುಗಿ. ಇತ್ತು. ಆದರೆ ಇನ್ನೆಷ್ಟು ಹೊತ್ತು ಇರುತ್ತದೆಂಬುದು ನನಗೆ ತಿಳಿಯದು.

ತಿಳಿಯದಿದ್ದುದಕ್ಕೆ ಕಾರಣವನ್ನೂ ಹೇಳಬೇಕು. ನಾನು ಆ ಪೆಟ್ಟಿಗೆಗೆಂದು ಪೇಟೆಯಿಂದ ಒಂದು ಪುಟ್ಟ ಬ್ಯಾಟರಿ ತಂದಿದ್ದೆ. ಅದರ ಮೈಮೇಲೆ 10,400 ಮಿಲಿ ಆಂಪಿಯರ್ ಗಂಟೆ ಎಂದು ಅಚ್ಚಾಗಿತ್ತು. ಅಂಗಡಿಯಾತ "ಎಂಟು ಗಂಟೆ ಗ್ಯಾರಂಟಿ ಸಾರ್" ಎಂದಿದ್ದ. ನನ್ನ ಪೆಟ್ಟಿಗೆ 12 ವೋಲ್ಟಿನದು, ಸುಮಾರು ಒಂದು ಆಂಪಿಯರಿನಷ್ಟು ಎಳೆಯುತ್ತದೆ. ಹತ್ತು ಗಂಟೆಯೇ ಬಂದೀತೆಂದು ನಾನೂ ಮನಸ್ಸಿನಲ್ಲಿ ಲೆಕ್ಕ ಹಾಕಿ ಹಿಗ್ಗಿದೆ. ಬಂದದ್ದು ಮೂರು ಗಂಟೆಗೆ ಸ್ವಲ್ಪ ಕಡಮೆ. ಅಂಗಡಿಯವನನ್ನು ಬೈದುಕೊಂಡೆ, ಆಮೇಲೆ ವಿಚಾರಿಸಿ ನೋಡಿದರೆ ಅಚ್ಚಾದ ಅಂಕಿ ಸುಳ್ಳಲ್ಲ, ಅಳತೆಯ ಪಾತ್ರೆ ಬೇರೆ. ಒಳಗಿರುವ ಲಿಥಿಯಂ ಕೋಶದ ಒತ್ತಡ 3.7 ವೋಲ್ಟು. ಅಂಕಿಯೆಲ್ಲ ಆ ಒತ್ತಡದಲ್ಲಿ ಅಳೆದದ್ದು. ಅದನ್ನು 12 ವೋಲ್ಟಿಗೆ ಏರಿಸುವಾಗ ಪ್ರಮಾಣ ಮೂರರಲ್ಲೊಂದು ಪಾಲಿಗೂ ಕಡಮೆಯಾಗುತ್ತದೆ. ಏರಿಸುವ ಕೆಲಸಕ್ಕೆಂದು ಸ್ವಲ್ಪ ಸೋರಿಹೋಗುತ್ತದೆ. ಪಾವಿನಲ್ಲಿ ಅಳೆದ ರಾಗಿಯನ್ನು ಸೇರಿನ ಲೆಕ್ಕವೆಂದು ನಂಬಿ ಮನೆಗೆ ತಂದವನ ಗತಿ ನನ್ನದಾಯಿತು. ಸರಿಯಾದ ಲೆಕ್ಕ ವಾಟ್ ಗಂಟೆಯದು: 10.4ನ್ನು 3.7ರಿಂದ ಗುಣಿಸಿದರೆ 38 ಚಿಲ್ಲರೆ. ಸೋರುವುದನ್ನು ಕಳೆದರೆ 32ರ ಆಸುಪಾಸು. ಹತ್ತು ಹನ್ನೊಂದು ವಾಟ್ ತಿನ್ನುವ ಪೆಟ್ಟಿಗೆಗೆ ಮೂರು ಗಂಟೆ. ಏಳನೆಯ ತರಗತಿಯ ಹುಡುಗ ಮಾಡಬಹುದಾದ ಲೆಕ್ಕ. ಇದನ್ನು ಹೇಳಿಕೊಡದ ನಾವು ರೈಲಿನ ವೇಗವನ್ನೂ ತೊಟ್ಟಿಗೆ ನೀರು ತುಂಬುವ ಕಾಲವನ್ನೂ ಇನ್ನೂ ಹೇಳಿಕೊಡುತ್ತಿದ್ದೇವೆ.

ಇನ್ವರ್ಟರ್ ಇರುವವರಿಗೆ ಈ ಚಿಂತೆ ಇಲ್ಲವಲ್ಲ ಎಂದರೆ, ಅರ್ಧ ನಿಜ. ದೊಡ್ಡ ಸೀಸದ ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರು 230 ವೋಲ್ಟಿಗೆ ಏರಿಸಬೇಕು. ಗೋಡೆಯ ಅಡಾಪ್ಟರು ಅದನ್ನು ಮತ್ತೆ 12ಕ್ಕೆ ಇಳಿಸಬೇಕು. ಸಂಪಿನ ನೀರನ್ನು ಮೇಲಿನ ತೊಟ್ಟಿಗೆ ಹತ್ತಿಸಿ, ಸಂಪಿನ ಪಕ್ಕದ ಗಿಡಕ್ಕೆ ನಲ್ಲಿಯಿಂದ ಬಿಟ್ಟಂತೆ. ಮನೆಯ ದೀಪ ಫ್ಯಾನುಗಳನ್ನೆಲ್ಲ ಆರಿಸಿದರೂ ಇನ್ವರ್ಟರು ತಾನು ಎಚ್ಚರವಾಗಿರುವುದಕ್ಕೇ ಈ ಪೆಟ್ಟಿಗೆ ತಿನ್ನುವಷ್ಟನ್ನು ಅಥವಾ ಅದಕ್ಕೂ ಹೆಚ್ಚನ್ನು ತಿನ್ನುತ್ತದೆ. ಮೇಲಾಗಿ, ಕೆಲವು ಇನ್ವರ್ಟರುಗಳು ಬದಲಾಯಿಸಿಕೊಳ್ಳುವ ಕ್ಷಣಾರ್ಧದಲ್ಲಿ ಪೆಟ್ಟಿಗೆ ಒಮ್ಮೆ ಸತ್ತು ಹುಟ್ಟುತ್ತದೆ. ಮರಳಿ ಸಂಪರ್ಕ ಹಿಡಿಯಲು ಎರಡು ಮೂರು ನಿಮಿಷ ಬೇಕು. ಪರೀಕ್ಷೆ ಬರೆಯುತ್ತಿರುವವನಿಗೆ ಆ ಮೂರು ನಿಮಿಷ ದೊಡ್ಡದು. ಇದೊಂದೇ ಕೆಲಸಕ್ಕಾದರೆ ಸಣ್ಣ ಬ್ಯಾಟರಿಯೇ ಮೇಲು.

ಇನ್ನು ಈ ಬರಹದ ನಿಜವಾದ ವಿಷಯಕ್ಕೆ ಬರುತ್ತೇನೆ. ಹಿಂದೆ ಮನೆಯಲ್ಲಿ ಇರುತ್ತಿದ್ದ ಕಪ್ಪು ದೂರವಾಣಿಯನ್ನು ನೆನೆಸಿಕೊಳ್ಳಿ. ಅದಕ್ಕೆ ಗೋಡೆಯಲ್ಲಿ ಪ್ಲಗ್ಗು ಬೇಕಿರಲಿಲ್ಲ. ಊರೆಲ್ಲ ಕತ್ತಲಲ್ಲಿ ಮುಳುಗಿದ್ದರೂ ಅದನ್ನು ಎತ್ತಿ ಕಿವಿಗಿಟ್ಟರೆ ಒಳಗೆ ಗುಂಯ್ ಎನ್ನುವ ನಾದವಿರುತ್ತಿತ್ತು. ದೂರವಾಣಿ ಕೇಂದ್ರದ ಕೋಣೆಯೊಂದರಲ್ಲಿ ಎರಡು ವೋಲ್ಟಿನ 24 ಸೀಸದ ಕೋಶಗಳ ಸಾಲು ಕುಳಿತಿರುತ್ತಿತ್ತು. ಆ 48 ವೋಲ್ಟೇ ತಾಮ್ರದ ತಂತಿಯನ್ನು ಹಿಡಿದು ಪ್ರತಿಯೊಂದು ಮನೆಯ ದೂರವಾಣಿಗೂ ಜೀವ ಕೊಡುತ್ತಿತ್ತು. ಆ ಕೋಶಗಳಿಗೆ ನೀರು ಹಾಕುವವರು, ಅವುಗಳ ಒತ್ತಡವನ್ನು ಪುಸ್ತಕದಲ್ಲಿ ಬರೆದಿಡುವವರು ಸಂಬಳ ಪಡೆಯುವ ನೌಕರರಾಗಿದ್ದರು. ಎಂದರೆ, ಊರಿಗೆಲ್ಲ ಒಂದು ಬ್ಯಾಟರಿಯಿತ್ತು; ಅದರ ಹೊಣೆ ಸಂಪರ್ಕ ಕೊಡುವವರದಾಗಿತ್ತು.

ಈಗ ತಾಮ್ರ ಹೋಗಿ ಗಾಜಿನ ಎಳೆ ಬಂದಿದೆ. ಕೂದಲಿನಷ್ಟು ತೆಳುವಾದ ಆ ಎಳೆ ತಾಮ್ರ ಒಯ್ಯಲಾರದಷ್ಟು ಮಾತನ್ನೂ ಚಿತ್ರವನ್ನೂ ಒಯ್ಯುತ್ತದೆ. ಸಿಡಿಲಿನ ಪೆಟ್ಟೂ ಅದರ ಮೂಲಕ ಬಾರದು. (ಅಡಾಪ್ಟರಿನ ಮೂಲಕ ಬರುತ್ತದೆ, ಗುಡುಗಿದಾಗ ಅದನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸುವುದು ಕ್ಷೇಮ.) ಆದರೆ ಗಾಜು ಬೆಳಕನ್ನು ಒಯ್ಯಬಲ್ಲುದೇ ಹೊರತು ವಿದ್ಯುತ್ತನ್ನು ಒಯ್ಯಲಾರದು. ಆದ್ದರಿಂದ ಮನೆಯ ತುದಿಯಲ್ಲಿರುವ ಪೆಟ್ಟಿಗೆಗೆ ಮನೆಯೇ ಊಟ ಹಾಕಬೇಕು. ಇದರಲ್ಲಿ ಯಾರ ಸಂಚೂ ಇಲ್ಲ, ಪದಾರ್ಥದ ಗುಣ. ಆದರೆ ಪರಿಣಾಮವನ್ನು ನೋಡಿ. ಊರಿನ ಒಂದು ಬ್ಯಾಟರಿ ಒಡೆದು ಸಾವಿರ ಚೂರಾಗಿ ಸಾವಿರ ಮನೆಗಳಿಗೆ ಹಂಚಿಹೋಯಿತು. ಕೊಳ್ಳಲು ಕೈಲಾದವನ ಮನೆಗೆ ಮಾತ್ರ ಒಂದು ಚೂರು ಸಿಕ್ಕಿತು. ಎರಡು ಸಾವಿರ ರೂಪಾಯಿಯ ಆಸುಪಾಸಿನ ವಸ್ತು. ನನಗೆ ಅದು ಒಂದು ದಿನದ ಯೋಚನೆ, ಹೊಲಿಗೆಯವರಿಗೆ ಒಂದು ತಿಂಗಳ ಯೋಚನೆ. ಈ ವರ್ಗಾವಣೆ ಯಾವ ಸಭೆಯಲ್ಲೂ ಚರ್ಚೆಯಾಗದೆ, ಯಾರೊಬ್ಬರ ಒಪ್ಪಿಗೆಯನ್ನೂ ಕೇಳದೆ ನಡೆದುಹೋಯಿತೆಂಬುದೇ ನನ್ನ ಆಕ್ಷೇಪ.

ಮನೆಯಲ್ಲಿ ಬ್ಯಾಟರಿ ಇಟ್ಟುಕೊಂಡವನೂ ಪೂರ್ತಿ ಪಾರಾದನೆಂದು ತಿಳಿಯಬಾರದು. ಇದು ನನಗೆ ಮನದಟ್ಟಾದದ್ದು ಪಾವಗಡದ ಕಡೆಗೆ ಹೋಗಿದ್ದಾಗ. ತಿರುಮಣಿಯ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಹಳೆಯ ಸಹೋದ್ಯೋಗಿ ಮಿತ್ರರಿದ್ದಾರೆ. ಅವರ ಮನೆಯ ಬ್ಯಾಟರಿ ನನ್ನದಕ್ಕಿಂತ ದೊಡ್ಡದು. ಆ ರಾತ್ರಿ ದೀಪ ಹೋದಾಗ ಅವರ ಪೆಟ್ಟಿಗೆ ಕಣ್ಣು ಮಿಟುಕಿಸುತ್ತಲೇ ಇತ್ತು. ಆದರೆ ಹೊರಗಿನ ಸಂಪರ್ಕವನ್ನು ತೋರಿಸುವ ದೀಪ ಹತ್ತು ನಿಮಿಷದೊಳಗೆ ಆರಿತು. ಬೀದಿಯ ಕಂಬದ ಮೇಲೆ ಕೇಬಲ್ಲಿನವರು ಕಟ್ಟಿದ ಇನ್ನೊಂದು ಪೆಟ್ಟಿಗೆಯುಂಟು. ಅದಕ್ಕೆ ವಿದ್ಯುತ್ತು ಪಕ್ಕದ ಅಂಗಡಿಯಿಂದ. ಅಂಗಡಿ ಕತ್ತಲಾದರೆ ಬೀದಿಯೆಲ್ಲ ಮೂಕ. ದೂರವಾಣಿ ಕೇಂದ್ರದಿಂದ ಮನೆಯವರೆಗೆ ಗಾಜಿನ ಎಳೆಯೇ ಬಂದಿದ್ದರೆ ನಡುವೆ ಕವಲೊಡೆಯುವ ಜಾಗಕ್ಕೆ ವಿದ್ಯುತ್ತೇ ಬೇಕಿಲ್ಲ. ಎರಡು ತುದಿ ಎಚ್ಚರವಾಗಿದ್ದರೆ ಸಾಕು. ಕಂಬದ ಪೆಟ್ಟಿಗೆಯ ಏರ್ಪಾಡಿನಲ್ಲಿ ಹಾಗಲ್ಲ.

ಮಾತಿಲ್ಲದೆ ನಾವಿಬ್ಬರೂ ಮಾಳಿಗೆಗೆ ಹೋಗಿ ಕುಳಿತೆವು. ಎದುರಿಗೆ ನಕ್ಷತ್ರದ ಬೆಳಕಿನಲ್ಲಿ ಸೂರ್ಯಫಲಕಗಳ ಸಾಲು ಮಸುಕಾಗಿ ಕಾಣುತ್ತಿತ್ತು. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲ. ರೈತರಿಂದ ಕೊಂಡದ್ದಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ಶಕ್ತಿಸ್ಥಳದ ಸಾಮರ್ಥ್ಯ 2,050 ಮೆಗಾವಾಟ್. ಮಿತ್ರರು ಲೆಕ್ಕದ ಮೇಷ್ಟ್ರು, ಬೆರಳು ಮಡಿಸಿ ಹೇಳಿದರು: "ನಡುಹಗಲಲ್ಲಿ ಇದು ಪೂರ್ತಿ ದುಡಿದರೆ ನಿಮ್ಮ ಹತ್ತು ವಾಟಿನ ಪೆಟ್ಟಿಗೆ ಇಪ್ಪತ್ತು ಕೋಟಿ ನಡೀತಾವೆ. ನಮ್ಮೂರಿಗೆ ಬೇಕಾದ್ದು ಇನ್ನೂರು."

ಈ ಮಾತನ್ನು ಹಿಡಿದು ಶಕ್ತಿಸ್ಥಳವನ್ನು ದೂರುವುದು ಸುಲಭ, ನಾನು ದೂರಲಾರೆ. ಹಗಲು ಹುಟ್ಟಿದ ವಿದ್ಯುತ್ತು ಶೇಖರಿಸದ ಹೊರತು ರಾತ್ರಿಗೆ ಉಳಿಯುವುದಿಲ್ಲ. ದೊಡ್ಡ ತಂತಿಗೆ ಸೇರಿದ ಮೇಲೆ ಅದಕ್ಕೆ ತವರೂರೆಂಬುದಿಲ್ಲ. ಹಳ್ಳಿಯ ದೀಪ ಹೋಗುವುದು ಎಷ್ಟೋ ಸಲ ಅಭಾವದಿಂದಲ್ಲ, ಕೊಂಬೆ ಮುರಿದು ತಂತಿಯ ಮೇಲೆ ಬಿದ್ದುದರಿಂದ. ಅಭಾವದ ಕಾಲವೂ ಇಲ್ಲದಿಲ್ಲ: 2023ರ ಬರಗಾಲದಲ್ಲಿ ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತನ್ನು ಕೆಲಕಾಲ ದಿನಕ್ಕೆ ಐದು ಗಂಟೆಗೆ ಇಳಿಸಿದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿಯ ಕೆಳಗೇ ಇದ್ದ ಹಳ್ಳಿಗಳು ಇನ್ನೂ ಎಷ್ಟೋ ವರ್ಷ ಎಣ್ಣೆಯ ದೀಪದಲ್ಲೇ ಓದಿದವು. ದೊಡ್ಡ ಶಕ್ತಿ ದೊಡ್ಡ ಬೇಡಿಕೆಯ ಕಡೆಗೆ ಹೋಗುತ್ತದೆ. ಚಿಕ್ಕ ಬೇಡಿಕೆಯನ್ನು ಬೇರೆ ನೆನೆಸಿಕೊಂಡು ಪೂರೈಸಬೇಕಾಗುತ್ತದೆ. ಹತ್ತು ವಾಟಿನ ಬೇಡಿಕೆ ಬಹಳ ಚಿಕ್ಕದು, ಅದಕ್ಕೇ ಅದು ಯಾರ ನೆನಪಿಗೂ ಬಾರದು.

ಒಂದು ಗಂಟೆ ನೆಟ್ ಇಲ್ಲದಿದ್ದರೆ ಏನು ಮುಳುಗಿತು, ಮನೆಮಂದಿ ಜಗಲಿಯಲ್ಲಿ ಕುಳಿತು ನಾಲ್ಕು ಮಾತಾಡಲಿ ಎನ್ನುವ ಹಿರಿಯರೂ ಇದ್ದಾರೆ. ಆ ಮಾತಿನ ಸೊಗಸು ನನಗೂ ತಿಳಿದಿದೆ. ಪಾವಗಡದ ಮಾಳಿಗೆಯ ಮೇಲಿನ ಆ ರಾತ್ರಿಯನ್ನು ನಾನು ಮರೆಯಲಾರೆ. ಆದರೆ ಅದು ಗಡುವು ಇಲ್ಲದವರ ಸೊಗಸು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಉಪಾಧ್ಯಾಯರು ವಿದ್ಯಾಗಮವೆಂದು ಊರ ಜಗಲಿಗೂ ಮರದಡಿಗೂ ಹೋಗಿ ಪಾಠ ಹೇಳಿದರು. ಆಗ ಪೆಟ್ಟಿಗೆ ಬೇಕಿರಲಿಲ್ಲ, ಪಾಠವೇ ಮಕ್ಕಳಿದ್ದಲ್ಲಿಗೆ ಬಂದಿತ್ತು. ಇಂದು ಅರ್ಜಿ ತೆಗೆದುಕೊಳ್ಳುವವರು ಮಕ್ಕಳಿದ್ದಲ್ಲಿಗೆ ಬರುವುದಿಲ್ಲ. ಅಂತರ್ಜಾಲದಲ್ಲಲ್ಲದೆ ಬೇರೆಲ್ಲೂ ಸ್ವೀಕರಿಸೆವು ಎಂದು ಅವರು ಹೇಳಿದ ಮೇಲೆ, ಅಂತರ್ಜಾಲವನ್ನು ಎಚ್ಚರವಾಗಿಡುವ ಹೊಣೆಯಲ್ಲಿ ಒಂದು ಪಾಲು ಅವರದಾಗಬೇಕೆಂಬುದು ನನ್ನ ಮತ.

ಬಹಳವೇನೂ ಕೇಳುತ್ತಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವೆಂಬ ಗ್ರಂಥಾಲಯದಲ್ಲಿ, ಪ್ರೌಢಶಾಲೆಯ ಕಚೇರಿಯಲ್ಲಿ ಒಂದೊಂದು ಬ್ಯಾಟರಿ. ಅದನ್ನು ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತು ನಡೆಸಿ ನೋಡುವ ಒಬ್ಬ ಹೊಣೆಗಾರ. ಎರಡನೆಯದಿಲ್ಲದೆ ಮೊದಲನೆಯದರಿಂದ ಪ್ರಯೋಜನವಿಲ್ಲ. ಡೀಸೆಲ್ಲಿಲ್ಲದೆ ತುಕ್ಕು ಹಿಡಿದ ಜನರೇಟರುಗಳನ್ನು ನಾನು ಕಂಡಿದ್ದೇನೆ. ಕಂಬದ ಮೇಲಿನ ಪೆಟ್ಟಿಗೆಗೆ ಬ್ಯಾಟರಿ ಇಡದವನು ಆ ಬೀದಿಯಲ್ಲಿ ತಿಂಗಳ ಬಾಡಿಗೆ ಎತ್ತಕೂಡದು. ಗಡುವಿನ ದಿನ ಒಂದು ತಾಲ್ಲೂಕಿನಲ್ಲಿ ಗಂಟೆಗಟ್ಟಲೆ ದೀಪವಿರಲಿಲ್ಲವೆಂದಾದರೆ, ಆ ತಾಲ್ಲೂಕಿಗೆ ಮರುದಿನ ಮಧ್ಯಾಹ್ನದವರೆಗೆ ಬಾಗಿಲು ತೆರೆದಿಡಬೇಕು; ದೀಪ ಹೋದ ವೇಳೆ ವಿದ್ಯುತ್ ಕೇಂದ್ರದ ಪುಸ್ತಕದಲ್ಲಿ ಹೇಗೂ ದಾಖಲಾಗಿರುತ್ತದೆ.

ಆ ಹುಡುಗಿಯ ಪಟ್ಟಿ ಹೋಯಿತು. ನಮ್ಮ ಪೆಟ್ಟಿಗೆ ಒಂಬತ್ತೂ ಮುಕ್ಕಾಲರವರೆಗೆ ನಡೆಯಿತು. ಅವಳು ಕಳಿಸುವ ಗುಂಡಿ ಒತ್ತಿದಾಗ ಒಂಬತ್ತೂವರೆ. ತಂದೆ ಮಗಳು ಎರಡು ಕಾಲೇಜುಗಳ ನಡುವೆ ಇನ್ನು ಕಾಲು ಗಂಟೆ ಯೋಚಿಸಿದ್ದರೆ ಹೋಗುತ್ತಿರಲಿಲ್ಲ. ಮರುದಿನ ಅವಳ ತಮ್ಮ ಬಂದು, ತಾವೂ ಒಂದು ಬ್ಯಾಟರಿ ಕೊಳ್ಳಬೇಕೆಂದಿದ್ದೇವೆ, ಏನು ನೋಡಿ ಕೊಳ್ಳಬೇಕು ಎಂದು ಕೇಳಿದ. ಚೀಟಿಯ ಮೇಲೆ ಬರೆದುಕೊಟ್ಟೆ: ಅಡಾಪ್ಟರಿನ ಮೇಲಿರುವ ವೋಲ್ಟೂ ಆಂಪಿಯರೂ ಓದಿಕೊಂಡು ಹೋಗು, ವೋಲ್ಟು ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. ಪಿನ್ನಿನ ಗಾತ್ರ ನೋಡು. ನಡುವಿನದು ಧನವೋ ಋಣವೋ ಎಂಬ ಗುರುತು ಎರಡರ ಮೇಲೂ ಒಂದೇ ಇರಬೇಕು. ಮಿಲಿ ಆಂಪಿಯರ್ ಕೇಳಬೇಡ, ವಾಟ್ ಗಂಟೆ ಎಷ್ಟೆಂದು ಕೇಳು. ತಂದಮೇಲೆ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡ. ಉಬ್ಬಿದರೆ ಅಂದೇ ತೆಗೆದುಹಾಕು. ಹುಡುಗ ಓದಿ, ವಾಟ್ ಗಂಟೆ ಎಂದರೇನೆಂದು ಕೇಳಿದ. ಒಳಗೆ ಹೋಗಿ ಪಾವನ್ನೂ ಸೇರನ್ನೂ ತಂದೆ.