ಒಂದೇ ಉಗಿ, ಎರಡು ಕೆಲಸ

ಆಲೆಮನೆಯಲ್ಲಿ ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಕೊಪ್ಪರಿಗೆಯ ಒಲೆಗೆ ತುಂಬುವುದನ್ನು ನೀವು ನೋಡಿರಬಹುದು. ಸಕ್ಕರೆ ಕಾರ್ಖಾನೆಯಲ್ಲಿ ಆ ಬೆಂಕಿಗೆ ಇನ್ನೊಂದು ಕೆಲಸವೂ ಉಂಟು. ಬಾಯ್ಲರಿನ ಉಗಿ ಮೊದಲು ಟರ್ಬೈನ್ ತಿರುಗಿಸಿ ವಿದ್ಯುತ್ ಕೊಡುತ್ತದೆ. ಒತ್ತಡ ಇಳಿದ ಅದೇ ಉಗಿ ಆಮೇಲೆ ಕಬ್ಬಿನ ಹಾಲು ಕುದಿಸುತ್ತದೆ. ಇದೇ ಸಹವಿದ್ಯುತ್ ಉತ್ಪಾದನೆ.

ಕಲ್ಲಿದ್ದಲ ಸ್ಥಾವರಗಳಲ್ಲಿ ಶಾಖದ ಸುಮಾರು ಮೂರನೇ ಒಂದು ಭಾಗವಷ್ಟೇ ವಿದ್ಯುತ್ತಾಗುತ್ತದೆ. ಮಿಕ್ಕಿದ್ದರಲ್ಲಿ ಬಹುಪಾಲು ನೀರಿಗೆ, ಗಾಳಿಗೆ. ಶಾಖಕ್ಕೂ ಗಿರಾಕಿ ಸಿಕ್ಕರೆ ಈ ನಷ್ಟ ಬಹಳ ತಗ್ಗುತ್ತದೆ.

ಆದರೆ ಲೆಕ್ಕ ಸುಲಭವಲ್ಲ. ಉಗಿಯನ್ನು ಟರ್ಬೈನಿನಿಂದ ಬೇಗ ಹೊರತೆಗೆದರೆ ವಿದ್ಯುತ್ ಕಡಿಮೆ. ಕೊನೆಯವರೆಗೂ ದುಡಿಸಿದರೆ ಅದರ ಬಿಸಿ ಇಳಿದು ಹಾಲು ಕುದಿಯದು. ಹಾಗಾಗಿ ಎಂಜಿನಿಯರರು ಎರಡೂ ತುದಿ ಹಿಡಿಯುತ್ತಾರೆ. ಹಿಂದೆ 21 ಬಾರ್‌ನಷ್ಟಿದ್ದ ಬಾಯ್ಲರ್ ಒತ್ತಡವನ್ನು 67, 87 ಬಾರ್‌ಗೆ ಏರಿಸಿದ್ದಾರೆ. ಒಂದು ಪಾತ್ರೆಯ ಹಾಲಿನಿಂದೆದ್ದ ಆವಿಯಿಂದಲೇ ಮುಂದಿನ ಪಾತ್ರೆಯದನ್ನು ಕುದಿಸಿ ಉಗಿ ಉಳಿಸುತ್ತಾರೆ. (ಪಿಯುಸಿ ಭೌತಶಾಸ್ತ್ರದ ಗುಪ್ತೋಷ್ಣ ನೆನಪಾಯಿತೆ?)

ಅರೆಯುವ ಹಂಗಾಮು ಮುಗಿದರೆ ಶಾಖಕ್ಕೆ ಗಿರಾಕಿಯೇ ಇಲ್ಲ. ಉಳಿಸಿಟ್ಟ ಸಿಪ್ಪೆ ಆಗ ಬರಿಯ ವಿದ್ಯುತ್ತಿಗೆ. ಎಷ್ಟು ಉಳಿಸಬೇಕೆಂಬುದನ್ನು ಮಾತ್ರ ಮೊದಲೇ ನಿರ್ಧರಿಸಬೇಕು. ಮಳೆ ಬಿದ್ದರೆ ಬಯಲಿನ ರಾಶಿ ನೆನೆದುಹೋಗುತ್ತದೆ.