ಮಾಸ್ತರರ ಕಾಯಿಲೆ, ಮಕ್ಕಳ ಪಾಠ

ಶಾಲೆಯ ಅಧ್ಯಾಪಕರೊಬ್ಬರು ಮಾನಸಿಕ ಒತ್ತಡದ ಕಾರಣದಿಂದ, ವೈದ್ಯರ ಸಲಹೆಯಂತೆ, ಒಂದು ತಿಂಗಳ ರಜೆ ಹಾಕಿದ್ದಾರೆಂಬ ಸುದ್ದಿ ಹಬ್ಬಿದರೆ ಸಾಕು, ಬಸ್ ನಿಲ್ದಾಣದ ಕಟ್ಟೆಯಲ್ಲೂ ಹೋಟೆಲಿನ ಬೆಂಚಿನಲ್ಲೂ ಮಾತು ಒಂದೇ ದಾರಿ ಹಿಡಿಯುತ್ತದೆ. "ಮನೆಯಲ್ಲಿ ಕೂತರೂ ಸಂಬಳ ಬರುತ್ತದಲ್ಲ, ಅವರಿಗೇನು?" "ಎರಡು ತಿಂಗಳ ಬೇಸಿಗೆ ರಜೆ ಸಾಲದೇ?" "ನಮಗಿಲ್ಲದ ಟೆನ್ಶನ್ ಅವರಿಗೆಲ್ಲಿಂದ ಬಂತು?" ಅದೇ ಅಧ್ಯಾಪಕರು ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರೆ ಇದೇ ಜನ ಹಣ್ಣು ಕೊಂಡುಹೋಗಿ ಕ್ಷೇಮ ವಿಚಾರಿಸಿ ಬರುತ್ತಿದ್ದರು. ಕಾಲಿಗೊಂದು ನ್ಯಾಯ, ಮನಸ್ಸಿಗೊಂದು ನ್ಯಾಯ ಏಕೆ, ಇದರಿಂದ ನಷ್ಟ ಯಾರಿಗೆ ಎಂಬುದನ್ನು ಗಡಿನಾಡಿನ ಕನ್ನಡಿಗರಾದ ನಾವು ಯೋಚಿಸಬೇಕಾಗಿದೆ.

ಹಾಗೆ ಆಡಿಕೊಳ್ಳುವವರೆಲ್ಲ ಮನಸ್ಸಿಲ್ಲದವರೆಂದು ನಾವು ಹೇಳುವುದಿಲ್ಲ. ಬೀಡಿ ಕಟ್ಟುವ ತಾಯಿ, ಅಡಿಕೆ ತೋಟದ ಕೆಲಸದಾಳು, ಕಡಲಿಗೆ ಹೋಗುವ ಮೀನುಗಾರ ಇವರು ಒಂದು ದಿನ ಮಲಗಿದರೆ ಆ ದಿನದ ಸಂಪಾದನೆ ಹೋಯಿತೆಂದೇ ಲೆಕ್ಕ. ಮನಸ್ಸಿನ ನೋವು ಅವರಿಗೂ ಇದೆ. ರಜೆ ಮಾತ್ರ ಇಲ್ಲ. ಅಂಥವರ ಬಾಯಲ್ಲಿ ಕಹಿಮಾತು ಬಂದರೆ ಆಶ್ಚರ್ಯವಿಲ್ಲ. ಮನೆ ಕಟ್ಟಿಸುವುದಕ್ಕೂ ಮದುವೆಯ ಓಡಾಟಕ್ಕೂ ಕಾಯಿಲೆಯ ಸರ್ಟಿಫಿಕೇಟ್ ತರುವವರು ನೌಕರರಲ್ಲಿ ಇಲ್ಲವೇ ಇಲ್ಲವೆಂದೂ ನಾವು ವಾದಿಸುವುದಿಲ್ಲ. ಆದರೆ ಕಳ್ಳನೋಟು ಚಲಾವಣೆಯಲ್ಲಿದೆಯೆಂದು ಯಾರೂ ಎಲ್ಲ ನೋಟುಗಳನ್ನೂ ಒಲೆಗೆ ಹಾಕುವುದಿಲ್ಲ.

ಮೊದಲು ಈ ಸಂಬಳಸಹಿತ ರಜೆಯ ಸ್ವರೂಪವನ್ನು ತಿಳಿದುಕೊಳ್ಳೋಣ. ಕೇರಳ ಸೇವಾ ನಿಯಮಗಳ ಪ್ರಕಾರ ಒಂದು ವರ್ಷದ ಸೇವೆ ಪೂರ್ತಿಯಾದರೆ ನೌಕರನ ಲೆಕ್ಕಕ್ಕೆ 20 ದಿನಗಳ ಅರ್ಧವೇತನ ರಜೆ ಸೇರುತ್ತದೆ. ವೈದ್ಯರ ಸರ್ಟಿಫಿಕೇಟಿನ ಆಧಾರದಲ್ಲಿ ಅದನ್ನು ಪೂರ್ಣ ವೇತನದ ರಜೆಯಾಗಿ ಬದಲಾಯಿಸಿಕೊಳ್ಳಬಹುದು. ಆಗ ಒಂದು ದಿನಕ್ಕೆ ಎರಡು ದಿನ ಕಳೆಯಲಾಗುತ್ತದೆ. ಅಂದರೆ 10 ವರ್ಷ ಪಾಠ ಮಾಡಿ ಒಂದೂ ದಿನ ಇಂಥ ರಜೆ ಪಡೆಯದವರಿಗೆ ಪೂರ್ಣ ಸಂಬಳದ 100 ದಿನಗಳ ಕಾಯಿಲೆ ರಜೆ ಉಳಿದಿರುತ್ತದೆ. ಇದು ದುಡಿದ ವರ್ಷಗಳ ಉಳಿತಾಯವೇ ಹೊರತು ಸರಕಾರದ ದಾನವಲ್ಲ. ದಿನವೇತನದ ಅಧ್ಯಾಪಕರಿಗಾದರೋ ಈ ಉಳಿತಾಯವೂ ಇಲ್ಲ. ಬಂದ ದಿನಕ್ಕಷ್ಟೇ ಸಂಬಳ. ಅವರ ಮನಸ್ಸು ಕುಸಿದರೆ ಊರಿಗೆ ತಿಳಿಯುವುದೂ ಇಲ್ಲ.

ಒತ್ತಡವೆಂಬುದು ಕಾಯಿಲೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ದುಡಿಮೆಯ ತೀವ್ರ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿತೇ ಹೊರತು ರೋಗವೆಂದು ಕರೆಯಲಿಲ್ಲ. ಆದರೆ ದೀರ್ಘಕಾಲದ ಒತ್ತಡ ನಿದ್ರೆಯನ್ನು ಕಸಿಯುತ್ತದೆ. ಖಿನ್ನತೆಗೂ ಅತಿಯಾದ ಆತಂಕಕ್ಕೂ ದಾರಿಯಾಗುತ್ತದೆ. ಅವು ರೋಗಗಳೇ, ಅವುಗಳಿಗೆ ಮದ್ದೂ ಇದೆ. ಯಾವುದು ಬರಿಯ ದಣಿವು, ಯಾವುದು ರೋಗ ಎಂದು ನಿರ್ಣಯಿಸಬೇಕಾದವರು ವೈದ್ಯರು, ಹೋಟೆಲಿನ ಬೆಂಚಿನಲ್ಲಿ ಕುಳಿತವರಲ್ಲ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯೂ ಚಿಕಿತ್ಸೆಯ ವಿಷಯದಲ್ಲಿ ಮನಸ್ಸಿನ ರೋಗಿಯನ್ನು ದೇಹದ ರೋಗಿಗೆ ಸರಿಸಮನಾಗಿ ಕಾಣಬೇಕೆಂದೇ ಹೇಳುತ್ತದೆ.

ಇನ್ನು ನಮ್ಮ ಕನ್ನಡ ಶಾಲೆಗಳ ಒಳಗಿನ ಸ್ಥಿತಿಯನ್ನು ನೋಡೋಣ. ಇಲಾಖೆಯ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ತರಬೇತಿಯೂ ಅನೇಕ ಸಲ ಮಲಯಾಳದಲ್ಲೇ. ಅಲ್ಲಿ ಕೇಳಿದ್ದನ್ನು ಮನಸ್ಸಿನಲ್ಲೇ ಅನುವಾದಿಸಿಕೊಂಡು ಮರುದಿನ ಮಕ್ಕಳಿಗೆ ಕನ್ನಡದಲ್ಲಿ ಹೇಳುವ ಹೊರೆ ಅಧ್ಯಾಪಕರದು. ಹಗಲು ಪಾಠ, ಸಂಜೆ ಕಂಪ್ಯೂಟರಿಗೆ ಮಕ್ಕಳ ವಿವರ ತುಂಬುವ ಕೆಲಸ, ರಾತ್ರಿ ಹೆತ್ತವರ ವಾಟ್ಸಾಪ್ ಸಂದೇಶ. ಮಧ್ಯಾಹ್ನದೂಟದ ಹಣ ಸಕಾಲದಲ್ಲಿ ಬಾರದೆ ಮುಖ್ಯೋಪಾಧ್ಯಾಯರು ತಮ್ಮ ಕಿಸೆಯಿಂದಲೇ ಖರ್ಚು ಮಾಡಬೇಕಾಗಿ ಬಂದ ವಿಚಾರ 2023ರಲ್ಲಿ ಕೇರಳ ಹೈಕೋರ್ಟಿನ ಮೆಟ್ಟಿಲೇರಿತ್ತು. ಇವೆಲ್ಲಕ್ಕೂ ಮೇಲಾಗಿ ಪ್ರತಿ ಜೂನ್ ತಿಂಗಳ ತಲೆಯೆಣಿಕೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಯಿತು, ಡಿವಿಷನ್ ಹೋದರೆ ಹುದ್ದೆ ಹೋಯಿತು. ಮಕ್ಕಳನ್ನು ಹುಡುಕಿ ಮನೆಮನೆಗೆ ನಡೆಯುವ ಟೀಚರ್ ತಮ್ಮ ಕೆಲಸಕ್ಕಾಗಿ ಮಾತ್ರವಲ್ಲ, ನಮ್ಮ ಭಾಷೆಯ ಶಾಲೆಗಾಗಿಯೂ ನಡೆಯುತ್ತಿದ್ದಾರೆ ಎಂಬುದನ್ನು ನಾವು ಮರೆಯುತ್ತೇವೆ.

"ಹಿಂದಿನ ಮಾಸ್ತರರಿಗೆ ಇದೆಲ್ಲ ಇತ್ತೇ?" ಎಂದು ಹಿರಿಯರು ಕೇಳುತ್ತಾರೆ. ಸಂಕ ದಾಟಿ, ಗದ್ದೆಯ ಹುಣಿಯಲ್ಲಿ ನಡೆದು ಬಂದು ಕಲಿಸಿದವರನ್ನು ನೆನೆಯುತ್ತಾರೆ. ಪೆರಡಾಲದ ನವಜೀವನ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರನ್ನು ಕಂಡ ನಾಡು ನಮ್ಮದು. ಆ ನೆನಪಿನ ಬಗ್ಗೆ ನಮಗೂ ಹೆಮ್ಮೆಯಿದೆ. ಆದರೆ ಆ ಕಾಲದಲ್ಲಿಯೂ ಮಂಕು ಹಿಡಿದು ಮೂಲೆ ಸೇರಿದವರಿದ್ದರು. ಅವರಿಗೆ ನೂಲು ಕಟ್ಟಿಸಿದೆವು, ತಲೆ ಕೆಟ್ಟಿತೆಂದೆವು, ಕೊನೆಗೆ ಹೆಸರನ್ನೂ ಮರೆತೆವು. ಗಟ್ಟಿಯಾಗಿ ನಿಂತವರ ನೆನಪು ಉಳಿಯಿತೆಂದ ಮಾತ್ರಕ್ಕೆ ಕುಸಿದವರೇ ಇರಲಿಲ್ಲವೆಂದು ಅರ್ಥವಲ್ಲ.

ನಮ್ಮ ಕುಹಕದ ಫಲವೇನು? ಒತ್ತಡವೆಂದು ಬರೆಯಲು ನಾಚಿ ಅಧ್ಯಾಪಕರು ಬೆನ್ನುನೋವೆಂದು ಬರೆಸುತ್ತಾರೆ. ನಿಜ ಹೇಳಬೇಕಾದವರನ್ನು ನಾವೇ ಸುಳ್ಳಿಗೆ ದೂಡುತ್ತೇವೆ. ಊರಿನವರ ಕಣ್ಣಿಗೆ ಬೀಳಬಾರದೆಂದು ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಗುಟ್ಟಾಗಿ ಔಷಧಿ ತರುವವರಿದ್ದಾರೆ. ಮತ್ತೆ ಕೆಲವರು ರಜೆಯನ್ನೇ ಹಾಕದೆ ತರಗತಿಗೆ ಬರುತ್ತಾರೆ. ರಾತ್ರಿಯಿಡೀ ಕಣ್ಣುಮುಚ್ಚದ ಅಧ್ಯಾಪಕ 30 ಮಕ್ಕಳ ಮುಂದೆ ನಿಂತರೆ ಆಗುವುದು ಪಾಠವಲ್ಲ. ಗದರಿಕೆ, ಸಿಡುಕು, ಕೆಲವೊಮ್ಮೆ ಅದಕ್ಕೂ ಮೀರಿದ್ದು. ಆಗ ಹಾಜರಿ ಪುಸ್ತಕದಲ್ಲಿ ಅಧ್ಯಾಪಕರಿದ್ದಾರೆ, ತರಗತಿಯಲ್ಲಿ ಇಲ್ಲ. ಸಕಾಲದಲ್ಲಿ ಒಂದು ತಿಂಗಳ ಚಿಕಿತ್ಸೆ ಪಡೆದು ಗುಣವಾಗಿ ಬರುವುದು ಇದಕ್ಕಿಂತ ಸಾವಿರ ಪಾಲು ಮೇಲಲ್ಲವೇ? ಗುಟ್ಟು ಬೇಕೆನ್ನುವವರಿಗೂ ದಾರಿಯಿದೆ: 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಖರ್ಚಿಲ್ಲದೆ ಸಲಹೆ ಪಡೆಯಬಹುದು.

ಹಾಗಾದರೆ ಹೆತ್ತವರ ದೂರು ಸುಳ್ಳೇ? ಅಲ್ಲ. ಅಧ್ಯಾಪಕರು ರಜೆಯಲ್ಲಿರುವಷ್ಟು ದಿನ ಪಾಠ ಹೋಗುವುದು ನಿಜ. ಮಲಯಾಳ ಮಾಧ್ಯಮದ ಶಾಲೆಗೆ ಬದಲಿ ಅಧ್ಯಾಪಕರು ಸಿಗುವಷ್ಟು ಸುಲಭದಲ್ಲಿ ನಮ್ಮ ಶಾಲೆಗೆ ಸಿಗುವುದಿಲ್ಲ. ಸಿಕ್ಕವರಿಗೆ ಕನ್ನಡ ಬಾರದಿದ್ದರೆ ಸಿಕ್ಕೂ ಪ್ರಯೋಜನವಿಲ್ಲ. ಕನ್ನಡ ಅರಿಯದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನಲ್ಲಿ ಕುಳಿತು ಪ್ರತಿಭಟಿಸಿದ ನೆನಪು ಮಾಸಿಲ್ಲ. ಒಂದು ತಿಂಗಳು ಗಣಿತ ನಡೆಯದಿದ್ದರೆ, ಎರಡು ತಿಂಗಳು ವಿಜ್ಞಾನ ನಡೆಯದಿದ್ದರೆ, ಮುಂದಿನ ಜೂನಿನಲ್ಲಿ ಹೆತ್ತವರು ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೋ ಮಲಯಾಳ ಮಾಧ್ಯಮಕ್ಕೋ ಸೇರಿಸುತ್ತಾರೆ. ತಲೆಯೆಣಿಕೆಯಲ್ಲಿ ಸಂಖ್ಯೆ ಇಳಿಯುತ್ತದೆ, ಹುದ್ದೆ ಹೋಗುತ್ತದೆ, ಉಳಿದ ಅಧ್ಯಾಪಕರ ಮೇಲೆ ಹೊರೆ ಏರುತ್ತದೆ. ಒಬ್ಬರ ಕಾಯಿಲೆ ಹೀಗೆ ಒಂದು ಶಾಲೆಯ ಕಾಯಿಲೆಯಾಗಿ ಬೆಳೆಯುತ್ತದೆ.

ಇದರಲ್ಲಿ ತಪ್ಪು ಕಾಯಿಲೆ ಬಿದ್ದವರದಲ್ಲ, ಬದಲಿ ವ್ಯವಸ್ಥೆ ಮಾಡದವರದು. ನಾವಾದರೋ ಇಲಾಖೆಯನ್ನು ಕೇಳುವ ಬದಲು ಅಧ್ಯಾಪಕರನ್ನು ಜರೆಯುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ!

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಕನ್ನಡ ಬಲ್ಲ, ತರಬೇತಿ ಪಡೆದ ಉದ್ಯೋಗಾರ್ಥಿಗಳ ಪಟ್ಟಿಯೊಂದನ್ನು ಶಾಲಾವರ್ಷದ ಆರಂಭದಲ್ಲಿಯೇ ಸಿದ್ಧಪಡಿಸಿ, ಯಾರೇ ದೀರ್ಘ ರಜೆಗೆ ಹೋದರೂ ಒಂದು ವಾರದೊಳಗೆ ಬದಲಿ ಅಧ್ಯಾಪಕರು ತರಗತಿಯಲ್ಲಿರುವಂತೆ ನೋಡಿಕೊಳ್ಳಬೇಕು. ರಜೆಯ ದುರುಪಯೋಗದ ಸಂಶಯವಿದ್ದಲ್ಲಿ ಮೇಲಧಿಕಾರಿಗಳು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲಿ. ಪ್ರಾಮಾಣಿಕರು ಅದಕ್ಕೆ ಅಂಜುವುದಿಲ್ಲ. ಇಲಾಖೆಯ ತರಬೇತಿಯೂ ಕೈಪಿಡಿಯೂ ಕನ್ನಡದಲ್ಲಿ ದೊರೆಯಲಿ. ಅರ್ಧ ಒತ್ತಡ ಅಲ್ಲಿಯೇ ಇಳಿದೀತು.

ಹೆತ್ತವರಲ್ಲಿಯೂ ಒಂದು ಮಾತು. ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ "ಆ ಮಾಸ್ತರರು ಯಾಕೆ ಬರುತ್ತಿಲ್ಲ?" ಎಂದು ಕೇಳುವ ಬದಲು "ಅವರ ಬದಲಿಗೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ?" ಎಂದು ಕೇಳೋಣ. ಉತ್ತರ ಸಿಗುವ ತನಕ ಒಗ್ಗಟ್ಟಿನಿಂದ ಕೇಳೋಣ. ರಜೆ ಮುಗಿಸಿ ಮರಳುವ ಅಧ್ಯಾಪಕರನ್ನು ಜ್ವರ ಬಿಟ್ಟು ಎದ್ದು ಬಂದವರನ್ನು ಮಾತಾಡಿಸುವಂತೆ ಮಾತಾಡಿಸೋಣ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕಲಿಸಬಲ್ಲವರು ಇಲ್ಲಿ ಬೇಕಾದಷ್ಟು ಇಲ್ಲ. ಇರುವವರು ಆರೋಗ್ಯದಿಂದಿರಬೇಕು.